ಚಂದ್ರ ದುಂಡಗಿರಬೇಕು

ನನ್ನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ, 30 ಸೆಂಟಿಮೀಟರಿನ ಒಂದು ಪ್ಲಾಸ್ಟಿಕ್ ಸ್ಕೇಲು ಸದಾ ಬಿದ್ದಿರುತ್ತದೆ. ಅದರಿಂದ ಕಾಗದದ ಮೇಲೆ ಗೆರೆ ಎಳೆದು ವರ್ಷಗಳೇ ಆಗಿವೆ. ಹಳೆಯ ಕಂಪ್ಯೂಟರ್ ಆಟವೊಂದನ್ನು ಹೊಸ ಪರದೆಯ ಮೇಲೆ ತೆರೆದಾಗ ಆಟದೊಳಗೆ ಎಲ್ಲಾದರೂ ಒಂದು ವೃತ್ತ ಸಿಗುತ್ತದೆಯೇ ಎಂದು ಹುಡುಕಿ, ಅದು ಚಂದ್ರನೋ ಬಂಡಿಯ ಚಕ್ರವೋ ನಾಣ್ಯವೋ ಗಡಿಯಾರದ ಮುಖವೋ ಏನಾದರೂ ಸರಿ, ಅದರ ಅಗಲವನ್ನೂ ಎತ್ತರವನ್ನೂ ಅಳೆಯುವುದಷ್ಟೇ ಆ ಸ್ಕೇಲಿಗೆ ಉಳಿದಿರುವ ಕೆಲಸ. ಎರಡೂ ಅಳತೆ ಒಂದೇ ಆಗಿದ್ದರೆ ಆಡಲು ಕೂರುತ್ತೇನೆ. ಇಲ್ಲದಿದ್ದರೆ ಆ ಸಂಜೆ ಆಟ ಆಡುವುದರಲ್ಲಲ್ಲ, ಆಟವನ್ನು ರಿಪೇರಿ ಮಾಡುವುದರಲ್ಲಿ ಕಳೆಯುತ್ತದೆ.

ಈ ಅಭ್ಯಾಸದ ಹಿಂದೆ ಒಂದು ಮುಜುಗರವಿದೆ. ಗಾಜಿನ ಕೊಳವೆಯ ನನ್ನ ಹಳೆಯ ಸಿಆರ್‌ಟಿ ಮಾನಿಟರ್ ಕೆಟ್ಟು ಅದರ ಜಾಗಕ್ಕೆ ಅಗಲ ಪರದೆಯ ಎಲ್‌ಸಿಡಿ ಬಂದಾಗ, ಅಷ್ಟರಲ್ಲಾಗಲೇ ಹಳೆಯದಾಗಿದ್ದ ಒಂದು ಸಾಹಸದ ಆಟವನ್ನು ಮತ್ತೆ ಹಾಕಿಕೊಂಡು ಮೊದಲಿನಿಂದ ಆಡಿದೆ. ಚಿತ್ರ ಪರದೆಯನ್ನು ಅಂಚಿನಿಂದ ಅಂಚಿಗೆ ತುಂಬಿತ್ತು, ತುಂಬಿದ್ದರಿಂದ ಎಲ್ಲವೂ ಸರಿಯಾಗಿದೆ ಎಂದುಕೊಂಡೆ. ಮೂರು ವರ್ಷ ಹಾಗೆಯೇ ನಡೆಯಿತು. ಆಮೇಲೊಂದು ದಿನ ಬೇರೇನನ್ನೋ ಹುಡುಕುತ್ತ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶದ ಒಂದು ಆಯ್ಕೆಯನ್ನು ಬದಲಿಸಿದಾಗ ಚಿತ್ರ ತನ್ನ ನಿಜವಾದ ಆಕಾರಕ್ಕೆ ಮರಳಿತು, ಮತ್ತು ನನ್ನ ನಾಯಕ ಜ್ವರ ಬಿದ್ದು ಎದ್ದವನ ಹಾಗೆ ಸೊರಗಿ ಕಂಡ. ನಾನು ಮಾಡಿದ್ದೇನೆಂದರೆ, ಏನೋ ಕೆಟ್ಟಿತೆಂದು ಗಾಬರಿಯಾಗಿ ಹಳೆಯ ಸೆಟ್ಟಿಂಗಿಗೆ ವಾಪಸು ಹೋದದ್ದು. ಆಟದ ಪೆಟ್ಟಿಗೆಯ ಹಿಂಬದಿಯಲ್ಲಿ ಅಚ್ಚಾಗಿದ್ದ ಸಣ್ಣ ಚಿತ್ರಗಳನ್ನು ಎಷ್ಟೋ ತಿಂಗಳ ಮೇಲೆ ಕಂಡಾಗಲೇ, ಅವನು ಮೊದಲಿನಿಂದಲೂ ತೆಳ್ಳಗಿದ್ದವನು, ಅವನನ್ನು ದಪ್ಪ ಮಾಡಿದ್ದು ನನ್ನ ಪರದೆ ಎಂಬುದು ತಿಳಿದದ್ದು. ಅಂದಿನಿಂದ ಈ ವಿಷಯದಲ್ಲಿ ಕಣ್ಣನ್ನು ನಂಬುವುದನ್ನು ಬಿಟ್ಟು ಸ್ಕೇಲನ್ನು ನಂಬಿದ್ದೇನೆ. ಕಣ್ಣು ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತದೆ.

ತೊಂದರೆಯ ಮೂಲ ಸರಳವಾದದ್ದು. 2000ದ ದಶಕದ ನಡುಗಾಲದವರೆಗೆ ಬಂದ ಬಹುಪಾಲು ಆಟಗಳು 4:3 ಆಕಾರದ, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲಿರುವ ಪರದೆಗಾಗಿ ತಯಾರಾದವು. 640×480, 800×600, 1024×768 ಎಂದು ಆಟದ ಮೆನುವಿನಲ್ಲಿ ಕಾಣುವ, ಚಿತ್ರದ ಅಡ್ಡ-ಉದ್ದಗಳನ್ನು ಪಿಕ್ಸೆಲ್ ಎಂಬ ಚುಕ್ಕಿಗಳಲ್ಲಿ ಹೇಳುವ ಸಂಖ್ಯೆಗಳೆಲ್ಲ ಅದೇ ಅನುಪಾತದವು. ಆ ಆಕಾರ ಕಂಪ್ಯೂಟರಿನವರು ಯೋಚಿಸಿ ಆರಿಸಿಕೊಂಡದ್ದಲ್ಲ. ಟೆಲಿವಿಷನ್ನಿನಿಂದ ಬಂದದ್ದು, ಟೆಲಿವಿಷನ್ನಿಗೆ ಅದು ಬಂದದ್ದು ಆರಂಭಕಾಲದ ಚಲನಚಿತ್ರದ ಫಿಲ್ಮಿನಿಂದ. ಈಗ ನಮ್ಮ ಮುಂದಿರುವ 16:9 ಕೂಡ ಯಾರ ಮೊದಲ ಆಯ್ಕೆಯೂ ಆಗಿರಲಿಲ್ಲ. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ 4:3ರ ಟೀವಿ ಚಿತ್ರವೂ 2.35:1ರ ಸಿನಿಮಾ ಚಿತ್ರವೂ ಹೆಚ್ಚು ನಷ್ಟವಿಲ್ಲದೆ ಕೂರಬಲ್ಲ ಒಂದು ಚೌಕಟ್ಟನ್ನು ಹುಡುಕಿದಾಗ ಸಿಕ್ಕಿದ ನಡುವಿನ ದಾರಿ ಅದು. ಆ ಎರಡು ಅನುಪಾತಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 1.77 ಬರುತ್ತದೆ, 16ನ್ನು 9ರಿಂದ ಭಾಗಿಸಿದರೂ ಹೆಚ್ಚುಕಡಿಮೆ ಅದೇ. ರಾಜಿಯಿಂದ ಹುಟ್ಟಿದ ಈ ಚೌಕಟ್ಟಿನೊಳಗೆ ಹಳೆಯ ಚಿತ್ರವನ್ನು ಎಳೆದು ತುಂಬಿದರೆ ಪ್ರತಿಯೊಂದು ವಸ್ತುವೂ ಮೂರನೇ ಒಂದು ಭಾಗದಷ್ಟು ಅಗಲವಾಗುತ್ತದೆ. ಚಂದ್ರ ಮೊಟ್ಟೆಯಾಗುತ್ತಾನೆ.

ಸಿಆರ್‌ಟಿಯ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಆ ಗಾಜಿನ ಕೊಳವೆಗೆ ತನ್ನದೇ ಆದ ಪಿಕ್ಸೆಲ್ ಲೆಕ್ಕವಿರಲಿಲ್ಲ; ಎಲೆಕ್ಟ್ರಾನ್ ಕಿರಣ ಎಷ್ಟು ಸಾಲು ಎಳೆ ಎಂದರೆ ಅಷ್ಟು ಸಾಲು ಎಳೆದು ಅದೇ ಚೌಕಟ್ಟನ್ನು ತುಂಬುತ್ತಿತ್ತು. ಎಲ್‌ಸಿಡಿಗಾದರೋ ಕಾರ್ಖಾನೆಯಲ್ಲೇ ಎಣಿಸಿಟ್ಟ ಪಿಕ್ಸೆಲ್‌ಗಳಿವೆ. 1920 ಅಡ್ಡ, 1080 ಉದ್ದ ಎಂದರೆ ಅಷ್ಟೇ, ಅದಕ್ಕಿಂತ ಕಡಿಮೆಯದು ಏನೇ ಬಂದರೂ ಅದನ್ನು ಯಾರೋ ಒಬ್ಬರು ಹಿಗ್ಗಿಸಬೇಕು, ಮತ್ತು ಹಾಗೆ ಹಿಗ್ಗಿಸುವವರು ಮಾನಿಟರೋ ಗ್ರಾಫಿಕ್ಸ್ ಕಾರ್ಡೋ ಎಂಬುದರ ಮೇಲೆ ಚಿತ್ರದ ಗತಿ ನಿಂತಿರುತ್ತದೆ. ನನ್ನ ಅನುಭವದಲ್ಲಿ ಈ ಕೆಲಸವನ್ನು ಮಾನಿಟರಿಗೆ ಬಿಡಬಾರದು. ಡ್ರೈವರಿನ ಸೆಟ್ಟಿಂಗ್ಸ್ ತೆರೆದು, ಹಿಗ್ಗಿಸುವ ಹೊಣೆಯನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಿ, ಅನುಪಾತವನ್ನು ಕಾಯ್ದುಕೊಳ್ಳುವ ಆಯ್ಕೆಯನ್ನು ಒತ್ತಿದರೆ ಅರ್ಧ ಆಟಗಳು ಅಲ್ಲಿಗೇ ಸರಿಹೋಗುತ್ತವೆ. ಚಿತ್ರ 1440×1080ರ ಜಾಗದಲ್ಲಿ ನಿಲ್ಲುತ್ತದೆ, ಎಡಕ್ಕೆ 240 ಬಲಕ್ಕೆ 240 ಪಿಕ್ಸೆಲ್‌ಗಳಷ್ಟು ಅಗಲದ ಎರಡು ಕಪ್ಪು ಪಟ್ಟಿಗಳು ಉಳಿಯುತ್ತವೆ.

ಆ ಕಪ್ಪು ಪಟ್ಟಿಗಳನ್ನು ಸಹಿಸದವರು ಬಹಳ ಮಂದಿ. ದುಡ್ಡು ಕೊಟ್ಟು ಕೊಂಡ ಪರದೆಯ ಕಾಲುಭಾಗ ಕತ್ತಲಲ್ಲಿ ಬಿದ್ದಿರುವುದು ಅವರಿಗೆ ಅನ್ಯಾಯವೆನ್ನಿಸುತ್ತದೆ; ನನಗೂ ಅನ್ನಿಸುತ್ತಿತ್ತು. ಹಾಗಾಗಿ ಆಟವನ್ನೇ ಅಗಲ ಮಾಡುವ ದಾರಿಗಳನ್ನು ಕಲಿತೆ. ಇಲ್ಲಿಂದ ಮುಂದೆ ಎಲ್ಲ ಆಟಗಳಿಗೂ ಒಂದೇ ಮದ್ದು ನಡೆಯುವುದಿಲ್ಲ.

ಮೂರು ಆಯಾಮದ ಆಟಗಳಲ್ಲಿ ಚಿತ್ರ ಮೊದಲೇ ಬರೆದಿಟ್ಟದ್ದಲ್ಲ, ಆಡುವ ಹೊತ್ತಿನಲ್ಲೇ ಒಂದು ಕಾಲ್ಪನಿಕ ಕ್ಯಾಮೆರಾದಿಂದ ತೆಗೆದದ್ದು. ಆದ್ದರಿಂದ ಅಗಲ ಮಾಡುವುದೆಂದರೆ ಎಳೆಯುವುದಲ್ಲ, ಕ್ಯಾಮೆರಾದ ನೋಟದ ಕೋನವನ್ನು ಹೆಚ್ಚಿಸುವುದು. 1996ರ ಕ್ವೇಕ್ ಆಟದಲ್ಲಿ ಅಡ್ಡ ನೋಟದ ಕೋನ 90 ಡಿಗ್ರಿ. 4:3ರ ಪರದೆಯಲ್ಲಿ ಇದಕ್ಕೆ ಹೊಂದುವ ಲಂಬ ಕೋನ ಸುಮಾರು 74 ಡಿಗ್ರಿ. ಈಗ ಪರದೆ 16:9 ಆಯಿತೆಂದರೆ ಎರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಾಗುತ್ತದೆ. ಲಂಬ ಕೋನವನ್ನು ಹಿಡಿದುಕೊಂಡರೆ ಅಡ್ಡ ಕೋನ 106 ಡಿಗ್ರಿಗೆ ಏರಿ, ಮೊದಲು ಕಾಣದಿದ್ದ ಎಡಬಲದ ಗೋಡೆಗಳು ಕಾಣುತ್ತವೆ. ಈ ಕಸುಬಿನವರು ಇದನ್ನು ಹಾರ್ ಪ್ಲಸ್ ಎನ್ನುತ್ತಾರೆ. ಅಡ್ಡ ಕೋನವನ್ನು 90ಕ್ಕೇ ಬಿಟ್ಟರೆ ಲಂಬ ಕೋನ 59 ಡಿಗ್ರಿಯ ಹತ್ತಿರಕ್ಕೆ ಇಳಿದು, ತಲೆಯ ಮೇಲಿನದೂ ಕಾಲ ಬುಡದ್ದೂ ಕತ್ತರಿಸಿಹೋಗುತ್ತದೆ. ಇದು ವರ್ಟ್ ಮೈನಸ್. ಎರಡರಲ್ಲೂ ಚಂದ್ರ ದುಂಡಗೇ ಇರುತ್ತಾನೆ ಎಂಬುದನ್ನು ಗಮನಿಸಬೇಕು. ನನ್ನ ಸ್ಕೇಲು ಇಲ್ಲಿ ಕೈಕೊಡುತ್ತದೆ. ಆಕಾರ ಸರಿಯಿದ್ದೂ ಚಿತ್ರ ತಪ್ಪಿರಬಹುದು, ದೊಡ್ಡ ಪರದೆ ಕೊಂಡವನಿಗೆ ಹಿಂದೆ ಕಾಣುತ್ತಿದ್ದದ್ದಕ್ಕಿಂತ ಕಡಿಮೆ ಕಾಣಬಹುದು.

2007ರಲ್ಲಿ ಬಯೋಶಾಕ್ ಆಟ ಬಂದಾಗ ಇದೇ ಮಾತಿಗೆ ದೊಡ್ಡ ಜಗಳವೇ ಆಯಿತು. ಅಗಲ ಪರದೆಯವರಿಗಿಂತ ಹಳೆಯ 4:3 ಪರದೆಯವರಿಗೆ ಮೇಲೂ ಕೆಳಗೂ ಹೆಚ್ಚು ಕಾಣುತ್ತದೆ ಎಂದು ಆಟಗಾರರು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ತಯಾರಕರು ಕೊಟ್ಟ ವಿವರಣೆ ಬೇರೆಯಾಗಿತ್ತು: ಆಟವನ್ನು ರೂಪಿಸಿದ್ದೇ ಅಗಲ ಪರದೆಗಾಗಿ, ಆ ಪರದೆಯಿಂದ ಏನನ್ನೂ ಕತ್ತರಿಸಿಲ್ಲ, 4:3ರವರಿಗೆ ಪಕ್ಕಗಳನ್ನು ಕತ್ತರಿಸುವ ಬದಲು ಮೇಲೆ ಕೆಳಗೆ ಒಂದಿಷ್ಟು ಸೇರಿಸಿ ಕೊಟ್ಟಿದ್ದೇವೆ ಎಂದರು. ಕೊನೆಗೆ ಆಟಕ್ಕೆ ಆಮೇಲೆ ಕೊಟ್ಟ ತಿದ್ದುಪಡಿಯ ಪ್ಯಾಚ್ ಒಂದರಲ್ಲಿ ಆಯ್ಕೆಯನ್ನು ಆಟಗಾರನಿಗೇ ಬಿಟ್ಟರು. ಆ ದಿನಗಳಲ್ಲಿ ನಾನು ಆಟಗಾರರ ಪಕ್ಷದಲ್ಲಿದ್ದೆ. ಈಗ ಯೋಚಿಸಿದರೆ ತಯಾರಕರ ಮಾತಿನಲ್ಲಿ ತೂಕವಿತ್ತು ಎನ್ನಿಸುತ್ತದೆ, ಏಕೆಂದರೆ ಎಷ್ಟು ಕಾಣಬೇಕು ಎಂಬುದರ ಜೊತೆಗೇ ಎಷ್ಟು ಕಾಣಬಾರದು ಎಂಬುದನ್ನೂ ಆಟ ಕಟ್ಟಿದವರು ತೀರ್ಮಾನಿಸಿರುತ್ತಾರೆ. ಆದರೆ ಆ ತೀರ್ಮಾನವನ್ನು ಅವರು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಹೇಳಬಹುದಿತ್ತು.

ಕೋನವನ್ನು ಬದಲಿಸಲು ಮೆನುವಿನಲ್ಲಿ ಅವಕಾಶವಿಲ್ಲದ ಆಟಗಳೇ ಹೆಚ್ಚು. ಕೆಲವಕ್ಕೆ ಫೋಲ್ಡರಿನಲ್ಲಿರುವ, ಸೆಟ್ಟಿಂಗುಗಳನ್ನು ಬರೆದಿಟ್ಟ ಐಎನ್‌ಐ ಫೈಲಿನಲ್ಲಿ ಎರಡು ಸಂಖ್ಯೆ ತಿದ್ದಿದರೆ ಸಾಕಾಗುತ್ತದೆ. ಅದೂ ಇಲ್ಲದಿದ್ದರೆ ಫೈಲಿನ ಬೈಟುಗಳನ್ನು ಒಂದೊಂದಾಗಿ ತೋರಿಸಿ ತಿದ್ದಲು ಬಿಡುವ ಹೆಕ್ಸ್ ಎಡಿಟರ್ ತೆರೆದು ಆಟದ ಹೊಟ್ಟೆಗೇ ಕೈಹಾಕಬೇಕು. ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಖುಷಿ ಕೊಡುವ ಭಾಗ ಇದೇ. 4:3 ಎಂಬ ಅನುಪಾತ, ಅಂದರೆ 1.3333, ಫೈಲಿನೊಳಗೆ ‘ಎಬಿ ಎಎ ಎಎ 3ಎಫ್’ ಎಂಬ ನಾಲ್ಕು ಬೈಟುಗಳಾಗಿ ಕೂತಿರುತ್ತದೆ. ಅದನ್ನು ಹುಡುಕಿ, ಅದರ ಜಾಗದಲ್ಲಿ ‘39 8ಇ ಇ3 3ಎಫ್’ ಎಂದು ಬರೆದರೆ ಅದು 1.7778, ಅಂದರೆ 16:9. ನಾಲ್ಕೇ ನಾಲ್ಕು ಬೈಟು. ಉಳಿಸಿ, ಆಟವನ್ನು ತೆರೆದು, ಮೊಟ್ಟೆಯಾಗಿದ್ದ ಚಕ್ರ ದುಂಡಗಾಗಿ ಉರುಳುವುದನ್ನು ಮೊದಲ ಸಲ ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರೆಸಲ್ಯೂಶನ್ನೂ, ಅಂದರೆ ಅಡ್ಡ-ಉದ್ದದ ಪಿಕ್ಸೆಲ್ ಸಂಖ್ಯೆಯೂ, ಹೀಗೆಯೇ ಸಿಗುತ್ತದೆ: ಕಡಿಮೆ ಸ್ಥಾನಬೆಲೆಯ ಬೈಟು ಮೊದಲು ಬರುವ ಪದ್ಧತಿಯಲ್ಲಿ 640 ಎಂಬುದು ‘80 02’ ಆಗಿರುತ್ತದೆ, 1920 ಎಂಬುದು ‘80 07’.

ಎಲ್ಲ ಸಲವೂ ಅದೃಷ್ಟ ಹಾಗಿರುವುದಿಲ್ಲ. ಕೆಲವು ಪ್ರೋಗ್ರಾಮರ್‌ಗಳು ಅನುಪಾತವನ್ನು ತಲೆಕೆಳಗಾಗಿಸಿ 0.75 ಎಂದು ಇಟ್ಟಿರುತ್ತಾರೆ. ಅದು ‘00 00 40 3ಎಫ್’. ಮುಕ್ಕಾಲು ಎಂಬುದು ಬಹಳ ಉಪಯೋಗದ ಸಂಖ್ಯೆಯಾದ್ದರಿಂದ ಅದು ಒಂದೇ ಫೈಲಿನಲ್ಲಿ ನೂರಾರು ಕಡೆ ಸಿಗುತ್ತದೆ, ಆದರೆ ಅವುಗಳಲ್ಲಿ ಪರದೆಗೆ ಸಂಬಂಧಿಸಿದ್ದು ಒಂದೋ ಎರಡೋ. ಒಮ್ಮೆ ತಾಳ್ಮೆಗೆಟ್ಟು ಎಲ್ಲವನ್ನೂ ಒಟ್ಟಿಗೆ 0.5625ಕ್ಕೆ ಬದಲಿಸಿದೆ. ಚಿತ್ರವೇನೋ ಸರಿಹೋಯಿತು, ಆದರೆ ನಾಯಕ ಮೊದಲಿನಷ್ಟು ಎತ್ತರಕ್ಕೆ ಜಿಗಿಯಲಾರದೆ ಎರಡನೇ ಹಂತದ ಮೊದಲ ಹಳ್ಳದಲ್ಲೇ ಬಿದ್ದು ಬಿದ್ದು ಸತ್ತ. ಆಮೇಲೆ ಮೂಲ ಫೈಲಿನ ಪ್ರತಿ ತೆಗೆದಿಟ್ಟು, ಒಂದೊಂದನ್ನೇ ಬದಲಿಸಿ, ಪ್ರತಿ ಸಲವೂ ಆಟವನ್ನು ತೆರೆದು ನೋಡುವುದನ್ನು ಕಲಿತೆ.

ಇಷ್ಟಾದರೂ ಆಟದ ಎಲ್ಲ ಭಾಗಗಳೂ ಒಟ್ಟಿಗೆ ಬದಲಾಗುವುದಿಲ್ಲ. ಲೋಕ ಅಗಲವಾಯಿತು, ಅದರ ಮೇಲೆ ಅಂಟಿಸಿದ ಅಂಕ, ನಕ್ಷೆ, ಅಕ್ಷರಗಳು ಹಳೆಯ 640×480ರ ಲೆಕ್ಕದಲ್ಲೇ ಎಳೆದುಕೊಂಡಿರುತ್ತವೆ. 2003ರಲ್ಲಿ ಕಂಪ್ಯೂಟರಿಗೆ ಬಂದ ವೈಸ್ ಸಿಟಿ ಆಟವನ್ನು ಅಗಲ ಪರದೆಯಲ್ಲಿ ಹಾಗೆಯೇ ಆಡಿದವರೆಲ್ಲ ಅದರ ಎಡ ಮೂಲೆಯ ದುಂಡು ನಕ್ಷೆಯನ್ನು ಅಂಡಾಕಾರದಲ್ಲೇ ಕಂಡಿರುತ್ತಾರೆ. ಇಂಥವನ್ನು ಬೈಟು ತಿದ್ದಿ ಸರಿಪಡಿಸಲಾಗದು. ಅದಕ್ಕಾಗಿ ಅಭಿಮಾನಿಗಳು ಬರೆದ ಚಿಕ್ಕ ಡಿಎಲ್‌ಎಲ್ ಫೈಲುಗಳಿವೆ, ಅಂದರೆ ಆಟ ನಡೆಯುವಾಗ ಅದರೊಂದಿಗೆ ಸೇರಿಕೊಳ್ಳುವ ಸಹಾಯಕ ಫೈಲುಗಳು. ಆಟ ತೆರೆದಾಗ ವಿಂಡೋಸ್ ಆಟಕ್ಕೆ ಬೇಕಾದ ಡಿಎಲ್‌ಎಲ್‌ಗಳಲ್ಲಿ ಹಲವನ್ನು ಮೊದಲು ಆಟದ ಫೋಲ್ಡರಿನಲ್ಲೇ ಹುಡುಕುತ್ತದೆ. ಅಲ್ಲಿ ಅದೇ ಹೆಸರಿನ ಬೇರೊಂದು ಫೈಲು ಇದ್ದರೆ ಅದನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ, ಮತ್ತು ಆ ಫೈಲು ಆಟದ ಲೆಕ್ಕಗಳನ್ನು ಕಂಪ್ಯೂಟರಿನ ಮೆಮೊರಿಯಲ್ಲೇ ತಿದ್ದಿ, ಮೂಲ ಫೈಲನ್ನು ಮುಟ್ಟದೆ ಕೆಲಸ ಮುಗಿಸುತ್ತದೆ. ನನ್ನ ಹೆಕ್ಸ್ ಎಡಿಟರಿನ ಪರಾಕ್ರಮಕ್ಕಿಂತ ಇದು ಎಷ್ಟೋ ಸಭ್ಯವಾದ ವಿಧಾನ.

ಇನ್ನೂ ಸೂಕ್ಷ್ಮವಾದ ತೊಂದರೆಯೆಂದರೆ, ಚೌಕಟ್ಟಿನ ಹೊರಗೆ ಏನಿದೆ ಎಂಬುದು. ಹಳೆಯ ಆಟಗಳು ಕಾಣದ ಜಾಗಕ್ಕೆ ಶ್ರಮ ಹಾಕುತ್ತಿರಲಿಲ್ಲ, ಯಂತ್ರಗಳಿಗೆ ಅಷ್ಟು ಶಕ್ತಿಯೂ ಇರಲಿಲ್ಲ. ಕ್ಯಾಮೆರಾಕ್ಕೆ ಕಾಣದ ವಸ್ತುಗಳನ್ನು ಲೆಕ್ಕದಿಂದ ಬಿಟ್ಟುಬಿಡುವ ಕ್ರಮವನ್ನು 4:3ಕ್ಕೆ ಹೊಂದಿಸಿದ್ದರೆ, ಅಗಲ ಪರದೆಯ ಅಂಚಿನಲ್ಲಿ ಮರಗಳೂ ಗೋಡೆಗಳೂ ಇದ್ದಕ್ಕಿದ್ದಂತೆ ಮಾಯವಾಗಿ ಮತ್ತೆ ಪ್ರತ್ಯಕ್ಷವಾಗುತ್ತವೆ. 1993ರ ಡೂಮ್ ಆಟದಲ್ಲಿ ಬಂದೂಕು ಹಿಡಿದ ಕೈಯನ್ನು ಬರೆದದ್ದೇ ಆ ಕಾಲದ ಪರದೆಯ ಅಂಚಿನವರೆಗೆ ಮಾತ್ರ. ಅದರ ಸೋರ್ಸ್ ಕೋಡ್ 1997ರಲ್ಲಿ ಬಹಿರಂಗವಾದ ಮೇಲೆ ಬಂದ ಹೊಸ ರೂಪಗಳಲ್ಲಿ ನೋಟವನ್ನು ಅಗಲ ಮಾಡಿದಾಗ, ಗುಂಡು ತುಂಬುವ ಹೊತ್ತಿನಲ್ಲಿ ಆ ತೋಳು ಗಾಳಿಯಲ್ಲೇ ತುಂಡಾಗಿ ನಿಂತದ್ದು ಕಾಣುತ್ತದೆ. ಕಥೆಯ ದೃಶ್ಯಗಳಲ್ಲಂತೂ ನಾಟಕದ ಪಕ್ಕಪರದೆ ಸರಿದಂತೆಯೇ ಸರಿ. ಒಂದು ಆಟದಲ್ಲಿ ಇಬ್ಬರು ಗಂಭೀರವಾಗಿ ಮಾತಾಡುತ್ತಿರುವಾಗ ಬಲ ಅಂಚಿನಲ್ಲಿ ಮೂರನೆಯವನೊಬ್ಬ ಎರಡೂ ಕೈ ಚಾಚಿ ಕಂಬದಂತೆ ನಿಂತಿದ್ದ, ತನ್ನ ಪ್ರವೇಶಕ್ಕಾಗಿ ಕಾಯುತ್ತ. ಅವನ ಅಳುವಿನ ದೃಶ್ಯ ಬಂದಾಗ ನನಗೆ ಅಳು ಬರಲಿಲ್ಲ.

ಎರಡು ಆಯಾಮದ ಆಟಗಳ ಕಥೆಯೇ ಬೇರೆ. ಇಲ್ಲಿ ಕ್ಯಾಮೆರಾ ಇಲ್ಲ, ಚಿತ್ರಕಾರ ಬರೆದ ಹಾಳೆ ಇದೆ. 1999ರ ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಆಟದಂಥವುಗಳಲ್ಲಿ ರೆಸಲ್ಯೂಶನ್ ಹೆಚ್ಚಿಸಿದರೆ ವಸ್ತುಗಳು ದೊಡ್ಡವಾಗುವುದಿಲ್ಲ, ನೆಲ ಹೆಚ್ಚು ಕಾಣುತ್ತದೆ. 1024×768ರ ಬದಲು 1920×1080ರಲ್ಲಿ ಆಡುವವನಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ಭೂಮಿ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ, ಆದರೆ ಸೈನಿಕರು ಇರುವೆಗಳಾಗುತ್ತಾರೆ. ಎದುರಾಳಿಯೊಂದಿಗೆ ಆಡುವಾಗ ಇದು ಬರೀ ಅಂದದ ಮಾತಲ್ಲ, ನ್ಯಾಯದ ಮಾತು. 1998ರ ಸ್ಟಾರ್‌ಕ್ರಾಫ್ಟ್ ಎಲ್ಲರಿಗೂ 640×480ರ ಒಂದೇ ಕಿಟಕಿ ಕೊಟ್ಟಿತ್ತು, ಯಾರೂ ಯಾರಿಗಿಂತ ಹೆಚ್ಚು ನೋಡುವಂತಿರಲಿಲ್ಲ. ಆ ಕಿಟಕಿಯ ಇಕ್ಕಟ್ಟೇ ಆಟದ ಅರ್ಧ ಕೌಶಲ ಎಂದರೂ ತಪ್ಪಿಲ್ಲ. ಇಂಥ ಆಟಗಳಿಗೆ ನಾನೀಗ ಕಪ್ಪು ಪಟ್ಟಿಗಳನ್ನೇ ಬಿಡುತ್ತೇನೆ. ಪರದೆ ತುಂಬಲಿಲ್ಲವೆಂಬ ಅಸಮಾಧಾನ ಹತ್ತು ನಿಮಿಷದಲ್ಲಿ ಕರಗುತ್ತದೆ.

ಅಂದಹಾಗೆ, 256 ಬಣ್ಣಗಳ ಆ ಕಾಲದ ಆಟಗಳಲ್ಲಿ ಹುಲ್ಲು ನೇರಳೆಯಾಗಿ, ನೀರು ಕೆಂಪಾಗಿ ಕಂಡರೆ ಅದಕ್ಕೆ ಪರದೆಯ ಆಕಾರ ಕಾರಣವಲ್ಲ. ವಿಂಡೋಸ್ 7ರ ಕಾಲದಲ್ಲಿ ಆಟ ಬಳಸುವ 256 ಬಣ್ಣಗಳ ಯಾದಿಯನ್ನು ಡೆಸ್ಕ್‌ಟಾಪ್ ಕಿತ್ತುಕೊಳ್ಳುತ್ತಿದ್ದದ್ದರಿಂದ ಹಾಗಾಗುತ್ತಿತ್ತು, ಅದಕ್ಕಾಗಿ ಡೆಸ್ಕ್‌ಟಾಪನ್ನು ತೋರಿಸುವ ಎಕ್ಸ್‌ಪ್ಲೋರರನ್ನೇ ನಿಲ್ಲಿಸಿ ಆಟ ತೆರೆಯುತ್ತಿದ್ದೆವು. ಈಗ ಡಿಜಿವೂಡೂ, ಸಿಎನ್‌ಸಿ-ಡಿಡ್ರಾ ಮುಂತಾದ ದುಭಾಷಿಗಳು ಆ ಆಟಗಳು ಚಿತ್ರ ಬರೆಯಲು ಬಳಸುತ್ತಿದ್ದ ಹಳೆಯ ಡೈರೆಕ್ಟ್‌ಡ್ರಾ ಮಾತನ್ನು ಇಂದಿನ ಗ್ರಾಫಿಕ್ಸ್ ಕಾರ್ಡಿಗೆ ತಿಳಿಯುವ ಭಾಷೆಗೆ ತಿರುಗಿಸುತ್ತ ಆ ಕಷ್ಟವನ್ನೂ ಅನುಪಾತದ ಕಷ್ಟವನ್ನೂ ಒಟ್ಟಿಗೆ ನಿವಾರಿಸುತ್ತವೆ.

ಸ್ಕೇಲು ನನ್ನ ಮಾನ ಕಳೆದದ್ದು ಇದಕ್ಕೂ ಹಳೆಯ ಆಟಗಳಲ್ಲಿ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಅಸಂಖ್ಯ ಆಟಗಳು 320×200ರಲ್ಲಿವೆ. ಭಾಗಿಸಿ ನೋಡಿದರೆ ಇದು 16:10, ಅಂದರೆ ಅಗಲ ಪರದೆಯದೇ ಆಕಾರ. ಹಿಗ್ಗಿಸಿದ ಚಿತ್ರಗಳನ್ನು ಕಂಡರೆ ಮೂಗು ಮುರಿಯುವಷ್ಟು ಶುದ್ಧವಾದಿಯಾಗಿದ್ದ ನಾನು, ಒಂದು ಪಿಕ್ಸೆಲ್ಲಿಗೆ ನಾಲ್ಕು ಚೌಕ ಪಿಕ್ಸೆಲ್ಲುಗಳೆಂಬ ಲೆಕ್ಕದಲ್ಲಿ ಆ ಆಟಗಳನ್ನು ಚೂಪಾಗಿ ತೋರಿಸಿಕೊಂಡು, ಇದೇ ಮೂಲರೂಪ ಎಂದು ಬೀಗಿದೆ. ಸ್ಕೇಲು ಇಟ್ಟು ನೋಡಿದಾಗ ಚಂದ್ರ ಮತ್ತೆ ಮೊಟ್ಟೆ. ಆ 200 ಸಾಲುಗಳು ಆಗಿನ ಮಾನಿಟರಿನಲ್ಲಿ 4:3ರ ಚೌಕಟ್ಟನ್ನು ಪೂರ್ತಿ ತುಂಬುತ್ತಿದ್ದವು, ಹಾಗಾಗಿ ಒಂದೊಂದು ಪಿಕ್ಸೆಲ್ಲೂ ತನ್ನ ಅಗಲಕ್ಕಿಂತ ಐದನೇ ಒಂದು ಭಾಗ ಹೆಚ್ಚು ಎತ್ತರವಾಗಿರುತ್ತಿತ್ತು. ಚಿತ್ರಕಾರರು ಅದೇ ಪರದೆಯನ್ನು ನೋಡುತ್ತ ಬರೆದವರು. ನಾನು ಶುದ್ಧವೆಂದು ಹೆಮ್ಮೆಪಟ್ಟುಕೊಂಡದ್ದು ಕುಗ್ಗಿಸಿದ ಚಿತ್ರವಾಗಿತ್ತು. ಡಾಸ್ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ಅನುಪಾತ ಸರಿಪಡಿಸಲೆಂದೇ ಒಂದು ಸಾಲಿದೆ, ಅದನ್ನು ಅಷ್ಟು ದಿನ ಬೇಕೆಂದೇ ಆಫ್ ಮಾಡಿಟ್ಟಿದ್ದೆ.

ಇಲ್ಲಿಯೂ ಅಪವಾದಗಳಿವೆ. ಬೇರೆ ಯಂತ್ರಕ್ಕಾಗಿ ಬರೆದ ಚಿತ್ರಗಳನ್ನೋ ಚೌಕ ಪಿಕ್ಸೆಲ್ ಎಂದೇ ಭಾವಿಸಿ ಬರೆದವನ್ನೋ ಹಾಗೆಯೇ ತಂದು ಹಾಕಿದ ಆಟಗಳಲ್ಲಿ, ಅನುಪಾತ ಸರಿಪಡಿಸಿದರೆ ಚಂದ್ರ ಉದ್ದವಾಗುತ್ತಾನೆ, ಸರಿಪಡಿಸದಿದ್ದರೆ ದುಂಡಗಿರುತ್ತಾನೆ. ಒಂದೇ ಆಟದಲ್ಲಿ ಆರಂಭದ ಚಿತ್ರ ಒಂದು ಅನುಪಾತದಲ್ಲೂ ಒಳಗಿನ ಚಿತ್ರಗಳು ಇನ್ನೊಂದರಲ್ಲೂ ಇರುವುದನ್ನು ಕಂಡಿದ್ದೇನೆ. ಅಂಥ ಆಟವನ್ನು ಅದರ ಕಾಲದವರೂ ಮೊಟ್ಟೆ ಚಂದ್ರನೊಂದಿಗೇ ಆಡಿದ್ದರು; ಅದನ್ನು ದುಂಡು ಮಾಡಲು ಹೊರಟರೆ ನಾನು ರಿಪೇರಿ ಮಾಡುತ್ತಿಲ್ಲ, ತಿದ್ದುತ್ತಿದ್ದೇನೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಸ್ಕೇಲು ಹೇಳುವುದಿಲ್ಲ. ನಾನು ಮಾಡಿಕೊಂಡಿರುವ ನಿಯಮ ಇಷ್ಟೇ: ಆಗಿನ ಮಾನಿಟರಿನ ಮುಂದೆ ಕೂತವನಿಗೆ ಏನು ಕಾಣುತ್ತಿತ್ತೋ ಅದು ಮೊದಲು ಕಾಣಲಿ, ನನ್ನ ಸುಧಾರಣೆಗಳು ಆಮೇಲೆ.

320ನ್ನು ಐದರಿಂದ, 200ನ್ನು ಆರರಿಂದ ಗುಣಿಸಿದರೆ 1600×1200 ಬರುತ್ತದೆ. ಅದು ಕರಾರುವಾಕ್ಕಾಗಿ 4:3, ಒಂದು ಪಿಕ್ಸೆಲ್ಲೂ ಮಸುಕಾಗಬೇಕಿಲ್ಲ. 1080 ಸಾಲಿನ ಪರದೆಯಲ್ಲಿ ಇದು ಹಿಡಿಸುವುದಿಲ್ಲ. ನನ್ನ ಬಳಿ 1920×1200ರ ಒಂದು ಹಳೆಯ 16:10 ಮಾನಿಟರ್ ಇದೆ. ಅದರ ಹಿಂಬೆಳಕು ಮಂಕಾಗಿದೆ, ಎಡ ಮೂಲೆಯಲ್ಲಿ ಹಳದಿ ಕಲೆ ಬಿದ್ದಿದೆ, ಮನೆಯವರು ಅದನ್ನು ಗುಜರಿಗೆ ಹಾಕು ಎಂದು ಎರಡು ಸಲ ಹೇಳಿಯಾಗಿದೆ. ಅದರ ಮೇಲೆ ಆ ಚಿತ್ರ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಷ್ಟೂ ಜಾಗ ಬಿಡದೆ ಕೂರುತ್ತದೆ, ಎಡಬಲಗಳಲ್ಲಿ 160 ಪಿಕ್ಸೆಲ್‌ಗಳ ಕಪ್ಪು ಪಟ್ಟಿಗಳು. ನಿನ್ನೆ ರಾತ್ರಿ ಅದರಲ್ಲಿ ಅಳೆದೆ: ಚಂದ್ರ ಅಡ್ಡಕ್ಕೆ 41 ಮಿಲಿಮೀಟರ್, ಉದ್ದಕ್ಕೆ 41.